ಹದಿನಾಲ್ಕನೇ ಸೀಟು

ಪ್ರಯೋಗದ ಯಂತ್ರದಲ್ಲಿ ಎಲ್ಲವೂ ಹಸಿರಿತ್ತು.
ಅಲ್ಲಿ ಧೂಳಿಲ್ಲ, ಬ್ಯಾಟರಿ ಇಳಿಯುವುದಿಲ್ಲ,
ಚಿಲ್ಲರೆಗಾಗಿ ಯಾರೂ ಜಗಳ ತೆಗೆಯುವುದಿಲ್ಲ,
ನಲವತ್ತೆರಡು ಡಿಗ್ರಿಯಲ್ಲಿ ಕಂಡಕ್ಟರನ ಹೆಬ್ಬೆರಳು
ಬೆವತು ಪರದೆಯ ಮೇಲೆ ಜಾರುವುದಿಲ್ಲ.

ಓಡುವ ಬಸ್ಸಿನಲ್ಲೇ ನೋಡಬೇಕು ಅಂದೆ.
ಸಾಹೇಬರು ಕನ್ನಡಕ ತೆಗೆದರು:
"ಉಣ್ಣೋರ ಗಂಗಾಳದಾಗ ಕೈ ಹಾಕ್ತೀರೇನ್ರಿ, ಮೇಡಮ್?"
ಒಂದು ತುತ್ತು ಸರ್, ಉಪ್ಪು ನೋಡಲಿಕ್ಕೆ.

ಒಂದೇ ಟಿಕೆಟ್ಟು. ಕಲಬುರಗಿಯ ನನ್ನ ಮೇಜಿನಿಂದ
ಯಾದಗಿರಿಯ ರಾತ್ರಿ ಬಸ್ಸಿಗೆ, ಹೈದರಾಬಾದಿನ ತನಕ.
ಹೆಸರು: ಪರೀಕ್ಷಾ ಬಾಯಿ.
ವಯಸ್ಸು: ತೊಂಬತ್ತೊಂಬತ್ತು.
ಆ ಖಾನೆ ಎರಡಂಕಿಗಿಂತ ಹೆಚ್ಚು ತಾಳುವುದಿಲ್ಲ.
ಬಸ್ಸು ಬಿಡುವ ಅರ್ಧ ತಾಸು ಮೊದಲು ರದ್ದು ಮಾಡಿದೆ.
ರದ್ದಾಯಿತು. ಹಣ ಮರಳಿತು. ಬುತ್ತಿ ಬಿಚ್ಚಿದೆ,
ರೊಟ್ಟಿ, ಪುಂಡಿ ಪಲ್ಯ.

ಅತ್ತ ಸಾಬಣ್ಣನ ಕೈಯ ಮಷೀನು
ಸಂಜೆಯ ಪಟ್ಟಿಯನ್ನೇ ನುಂಗಿ ಕೂತಿತ್ತು.

ಎಂಟೂ ಹತ್ತರ ಬಸ್ಸು ಎಂಟೂ ಇಪ್ಪತ್ತೈದಾದರೂ ಬಿಡಲಿಲ್ಲ.
"ಪರೀಕ್ಷಾ ಬಾಯಿ! ಪರೀಕ್ಷಾ ಬಾಯಿ ಯಾರ್ರಿ?"
ಕಂಬ ಕಂಬ ಸುತ್ತಿ ಬಂದನಂತೆ,
ಕಡ್ಲಿ ಮಾರುವ ಮುದುಕಿಗೆ, ನೀನೇನಬೇ, ಅಂದನಂತೆ,
ಹೆಣ್ಣುಮಕ್ಕಳ ಶೌಚಾಲಯದ ಹೊರಗೆ ನಿಂತು ಕೂಗಿದನಂತೆ.
ತೊಂಬತ್ತೊಂಬತ್ತರ ಜೀವ, ನಡೆಯೋದು ತಡ ಆಗ್ತದ.

ರಾಮಸಮುದ್ರ ದಾಟಿತು. ಸೀಟು ಖಾಲಿ.
ಗುರುಮಠಕಲ್ ಬರುವಷ್ಟರಲ್ಲಿ ನಿಂತವರೆಲ್ಲ ಬೈದರು.
ಕೊನೆಗೆ ಕೂಸಿನ ತಾಯಿಯೊಬ್ಬಳನ್ನು ಕೂಡಿಸಿ
"ಅವ್ವ ಎಲ್ಲಿಯಾರೆ ಕೈ ಮಾಡಿದ್ರ
ಎದ್ದು ಕೊಡಬೇಕ ಮತ್ತ" ಅಂದನಂತೆ.

ಹನ್ನೊಂದಕ್ಕೆ ನನ್ನ ಫೋನು ಬಡಿದುಕೊಂಡಿತು.
ಟಿಕೆಟ್ಟಿನಲ್ಲಿದ್ದದ್ದು ನನ್ನದೇ ನಂಬರು.
"ಪರೀಕ್ಷಾ ಬಾಯಿ ಮನಿಯವ್ರೇನ್ರಿ?
ಭಾಳ ಹೊತ್ತು ಕಾದ್ವಿ, ಅವ್ವ ಬರ್ಲೇ ಇಲ್ಲ.
ಆರಾಮ ಅದಾರಲ್ರಿ?"
ಬಾಯಿಗೆ ಬಂದಿದ್ದ ಮಾತೆಲ್ಲ ಇಂಗ್ಲಿಷಿನಲ್ಲಿತ್ತು.
ಆರಾಮ ಅದಾರ್ರಿ, ಅಂದೆ.

ದೋಷಗಳ ಪಟ್ಟಿಯಲ್ಲಿ ಬರೆದೆ:
ನೆಟ್‌ವರ್ಕ್ ಬಿದ್ದರೆ ರದ್ದತಿ ಬಸ್ಸಿಗೆ ಮುಟ್ಟುವುದಿಲ್ಲ.
ತೀವ್ರತೆ: ಮಧ್ಯಮ.
ಅಳಿಸಿದೆ.
ಸ್ವಲ್ಪ ಹೊತ್ತು ಬಿಟ್ಟು
ಮಧ್ಯಮ ಅಂತಲೇ ಬರೆದೆ.

ಈ ಶುಕ್ರವಾರ ಮತ್ತೆ ಅದೇ ಬಸ್ಸು.
ಯಾರೂ ಕಾಯದಿರಲಿ ಎಂದು
ವಯಸ್ಸು ಇಪ್ಪತ್ತೆರಡು ಮಾಡಿದೆ,
ಹೆಸರು ಬದಲಿಸಲು ಮರೆತೆ.
ರದ್ದು ಒತ್ತುವ ಮೊದಲೇ ಸಾಬಣ್ಣನ ಫೋನು.
ಹಿಂದೆ ಎಂಜಿನ್ನು, ಯಾರೋ ಕೆಮ್ಮುವ ಸದ್ದು:

"ಅವ್ವನ ಹೆಸರೇ ಇಟ್ಟೀರಿ, ಛಲೋ ಆತು.
ಮೊಮ್ಮಗಳೇನ್ರಿ?
ಲಗೂನ ಬರ್ಲಾಕ ಹೇಳ್ರಿ, ಕಿಡಕಿ ಸೀಟ್ ಹಿಡದೀನಿ."