ಮೂರನೆಯ ತಿರುವು

ಎಂಜಿನ್ ಆರಿಸಬಾರದು. ಇಲ್ಲಿಯ ಶಾಸ್ತ್ರ ಇದೊಂದೇ.
ನಿದ್ದೆಯಲ್ಲೂ ಅದರ ಗೊರಕೆ ಕೇಳುತ್ತಿರಬೇಕು,
ನಿಂತರೆ ಥಟ್ಟನೆ ಎಚ್ಚರವಾಗಬೇಕು;
ಆಗದಿದ್ದರೆ ಮುಂದೆ ಎಚ್ಚರವೇ ಇಲ್ಲ.

ಐದು ದಿನ. ಹೆಪ್ಪುಗಟ್ಟಿದ ಇಂಡಿಗಿರ್ಕಾ ನದಿಯೇ ರಸ್ತೆ.
ಬೆನ್ನ ಮೇಲೆ ಹದಿನೆಂಟು ಟನ್ ಹಿಟ್ಟು, ಸಕ್ಕರೆ,
ಯಾವುದೋ ಶಾಲೆಗೆ ಒಂದು ಪಿಯಾನೊ:
ಗಾಲಿ ಕುಕ್ಕಿದಾಗೆಲ್ಲ ಕತ್ತಲೊಳಗಿಂದ ಒಂದು ಸ್ವರ ನರಳುತ್ತದೆ.
ಮೊದಲ ದಿನ ಬೆಚ್ಚಿದ್ದೆ.
ಈಗ, "ಹೇಳಪ್ಪಾ" ಅನ್ನುತ್ತೇನೆ.

ವೈಪರಿಗೆ ನಾದಿನಿ ಕ್ಯುನ್ನೇಯಳ ಹೆಸರಿಟ್ಟಿದ್ದೇನೆ,
ಸುಮ್ಮಸುಮ್ಮನೆ ಗೊಣಗುತ್ತದೆಂದು.
"ನಾನು ದ್ಯುಲುಸ್, ಯಾರಾದರೂ ಇದ್ದೀರಾ?"
ರೇಡಿಯೊದಲ್ಲಿ ಬಾಣಲೆಗೆ ಕೊಬ್ಬು ಬಿದ್ದ ಹಾಗೆ ಚರಚರ, ಅಷ್ಟೇ.
ಮನೆಯಲ್ಲಿದ್ದಾಗ, ಮಾತು ಸಾಕಪ್ಪಾ ಎಂದು
ಕುದುರೆಗಳ ನಡುವೆ ಹೋಗಿ ನಿಲ್ಲುತ್ತಿದ್ದವನೂ ನಾನೇ.

ನದಿ ಆಳವಿದ್ದಲ್ಲಿ ಬಾಗಿಲು ತೆರೆದೇ ಓಡಿಸಬೇಕು,
ಗಡ್ಡೆ ಬಿರಿದರೆ ಹಾರಿಕೊಳ್ಳಲಿಕ್ಕೆ.
ಮೈನಸ್ ಐವತ್ತೆರಡು ಒಳಬಂದು ಪಕ್ಕದ ಸೀಟಿನಲ್ಲಿ ಕೂರುತ್ತದೆ.
ಹಾರಿ ಎಲ್ಲಿಗೆ ಎಂದು ಅದೂ ಕೇಳುವುದಿಲ್ಲ.

ಆರನೆಯ ರಾತ್ರಿ ಎದುರಿಗೊಂದು ಬೆಳಕು.
ನಕ್ಷತ್ರವೇ ಇರಬೇಕೆಂದು ಬಹಳ ಹೊತ್ತು ನಂಬಲಿಲ್ಲ.
ಅದು ಎರಡಾಯಿತು. ಎರಡೂ ಒಟ್ಟಿಗೆ ಮಿಟುಕಿದವು.
ನನ್ನ ಕೈ ತಾನಾಗಿ ತಲೆಗೂದಲು ಸರಿಮಾಡಿತು.

ಕಿಟಕಿಗೆ ಕಿಟಕಿ ತಂದು ನಿಲ್ಲಿಸಿದೆವು,
ಗಾಜು ನಾಲ್ಕೇ ಬೆರಳು ಇಳಿಸಿ.
ಕಂಡದ್ದು ಮಂಜು ಕಟ್ಟಿದ ಹುಬ್ಬು, ಒಂದು ಕೈಗವಸು.
ಎಷ್ಟೆಲ್ಲ ಕೂಡಿಟ್ಟಿದ್ದೆ ಹೇಳಲಿಕ್ಕೆ:
ಪಿಯಾನೊ, ಮಗಳ ಅಲುಗುವ ಹಲ್ಲು, ನಿನ್ನೆಯ ಕೆಟ್ಟ ಕನಸು.
"ಗಡ್ಡೆ ಹೇಗಿದೆ?" ಎಂದೆ.
"ಮೂರನೆಯ ತಿರುವಿನಲ್ಲಿ ಮಾತಾಡುತ್ತದೆ. ಎಡಕ್ಕೇ ಇರು."
ದಪ್ಪ ದನಿ, ಕರಡಿಯಂಥ ಆಳಿನದಿರಬೇಕು.
ಅರ್ಧ ರೊಟ್ಟಿ ಕೊಟ್ಟೆ. ಅವನೊಂದು ಈರುಳ್ಳಿ ಕೊಟ್ಟ,
ಕಲ್ಲಾಗಿತ್ತು.

ಕನ್ನಡಿಯಲ್ಲಿ ಅವನ ಕೆಂಪು ದೀಪ ಸಾಸಿವೆಯಷ್ಟಾದಾಗ
ಹೊಳೆಯಿತು, ಹೆಸರು ಕೇಳಲಿಲ್ಲ.
ರೇಡಿಯೊ ಹಿಡಿದೆ. ಚರಚರ.

ಮೂರನೆಯ ತಿರುವು. ಎಡಕ್ಕೆ.
ಅವನ ಗಾಲಿಗಳ ಗುರುತು. ಅದರ ಬದಿಗೆ
ಬೂಟಿನ ಹೆಜ್ಜೆಗಳು, ಹೆಜ್ಜೆಗೊಂದು ಹಾರೆ ಕುಟ್ಟಿದ ತೂತು.
ಲಾರಿ ಅಲ್ಲೇ ಬಿಟ್ಟು, ಮುನ್ನೂರು ಮಾರು,
ಗಡ್ಡೆಯನ್ನು ಕೇಳಿ ಕೇಳಿ ನಡೆದಿದ್ದಾನೆ,
ಮತ್ತೆ ಅಷ್ಟೂ ದೂರ ಹಿಂದಕ್ಕೆ,
ಒಬ್ಬನೇ, ಈ ಕತ್ತಲಲ್ಲಿ.
ಇದನ್ನವನು ಹೇಳಲೇ ಇಲ್ಲ.

ದಾಟಿದೆ. ದಾಟಿದ ಮೇಲೆ, ಎಂಜಿನ್ ಗೊರೆಯಲೆಂದು ಬಿಟ್ಟು, ಇಳಿದೆ.
ಕೊನೆಯ ಹೆಜ್ಜೆಯೊಳಗೆ ನನ್ನ ಬೂಟು ಇಟ್ಟೆ.
ಅಂಚು ಕುಸಿಯಿತು.
ಇಷ್ಟು ಪುಟ್ಟ ಕಾಲೇ ಅವನದು!