ಒಳಗೆ ಬಿಟ್ಟ ಬಟ್ಟೆ

ಹೊಲಿಯುವಾಗ ಒಳಗೆ ಎರಡು ಇಂಚು ಬಟ್ಟೆ ಬಿಡುತ್ತೇನೆ, ಎಲ್ಲರಿಗೂ.
ಯಾಕೆ ಅಂದರೆ ನಗುತ್ತೇನೆ:
ದೀಪಾವಳಿ ಬರುತ್ತಲ್ಲ, ಹೋಳಿಗೆ ಊಟಗಳು ಬರುತ್ತಲ್ಲ.
ಶ್ರೀರಾಮಪುರದ ಅರ್ಧ ಹೆಂಗಸರ ಸುತ್ತಳತೆ
ನನ್ನ ನೋಟ್‌ಬುಕ್ಕಿನಲ್ಲಿದೆ, ಪೆನ್ಸಿಲ್ಲಿನಲ್ಲಿ,
ಅಳಿಸಿ ಬರೆಯಲು ಸುಲಭವಾಗಲೆಂದು.
ನನ್ನದಿಲ್ಲ.

ನನ್ನ ರವಿಕೆಯ ಪಕ್ಕದ ಹೊಲಿಗೆ
ಒಮ್ಮೆ ಬಿಚ್ಚಿದೆ, ಮರುವರ್ಷ ಮತ್ತೊಮ್ಮೆ.
ಮೂರನೇ ಸಲ ಕತ್ತರಿಯ ತುದಿಯಿಂದ ತಡಕಿದರೆ
ಒಳಗೆ ಬಟ್ಟೆಯೇ ಇಲ್ಲ.
ಹಸಿರು ಓವರ್‌ಲಾಕ್ ದಾರ, ಅದರಾಚೆ ನಾನು.

ಆವತ್ತು ರಾತ್ರಿಯೇ ಅನ್ನ ಬಿಟ್ಟೆ.
ಬೆಳಿಗ್ಗೆ ಎಂಟನೇ ಕ್ರಾಸಿನ ಅಂಗಡಿಯಲ್ಲಿ ಮೂಸಂಬಿ ಜ್ಯೂಸು,
ದೊಡ್ಡ ಲೋಟ. ಮಧ್ಯಾಹ್ನ ಸಪೋಟ.
ಸಂಜೆ ದ್ರಾಕ್ಷಿ, ಅದರ ಮೇಲೊಂದು ಚಮಚ ಜೇನು.
ಹಣ್ಣು ತಾನೇ, ಅಂದುಕೊಂಡೆ.
ಹದಿನೈದು ದಿನಕ್ಕೆ ಟೇಪು ನನ್ನ ಸುತ್ತಿ ಬಂದು
ಕಾಲಿಂಚು ಹೆಚ್ಚೇ ಹೇಳಿತು.
ಹಳೇ ಟೇಪು, ಕುಗ್ಗಿರಬೇಕೆಂದು ಹೊಸದು ತಂದೆ.
ಅದೂ ಅದನ್ನೇ ಹೇಳಿತು.

ಸ್ಯಾಂಕಿ ಕೆರೆಯ ಗೇಟಿನ ಹತ್ತಿರ ಮುನಿರತ್ನಮ್ಮ,
ಆರಕ್ಕೆ ಮುಂಚೆಯೇ. ಗಾಡಿಯ ಮೇಲೆ ಆರು ಸ್ಟೀಲ್ ಕ್ಯಾನು,
ಮುಚ್ಚಳಗಳ ಮೇಲೆ ಪೇಂಟಿನ ಕೈಬರಹ:
ಬೂದುಗುಂಬಳ. ಹಾಗಲ. ನೆಲ್ಲಿ. ಕ್ಯಾರೆಟ್ಟು ಬೀಟ್ರೂಟು.
ಐದನೆಯದರ ಹೆಸರು ಅಳಿಸಿಹೋಗಿದೆ,
ಆರನೆಯದು ಲೋಟ ತೊಳೆಯುವ ನೀರು.
ವಾಕಿಂಗ್ ಶೂಗಳು ಸಾಲಾಗಿ ನಿಂತಿರುತ್ತವೆ,
ಕೊನೆಯಲ್ಲಿ ನನ್ನ ರಬ್ಬರ್ ಚಪ್ಪಲಿ.

"ಸಿಹಿ ಯಾವುದಮ್ಮಾ?" ಅಂದೆ.
ಅವಳು ಮುಖ ನೋಡಲಿಲ್ಲ, ಸೊಂಟ ನೋಡಿದಳು,
ನಾನು ಬೇರೆಯವರನ್ನು ನೋಡುವ ಹಾಗೆಯೇ,
ಕಣ್ಣಲ್ಲಿ ಅಳೆದು, ಬಾಯಲ್ಲಿ ಹೇಳದೆ.
"ಒಂದು ಸಲಕ್ಕೆ ಎಷ್ಟು ಮೂಸಂಬಿ ತಿಂತೀಯ?"
"ಒಂದು."
"ಲೋಟಕ್ಕೆ ನಾಕು ಹಿಂಡ್ತಾರೆ.
ನಾಕರ ಸಕ್ಕರೆ ನಿನ್ನ ಗಂಟಲಿಗೆ,
ನಾಕರ ನಾರು ಬೀದಿ ಹಸುವಿನ ಬಾಯಿಗೆ.
ತೆಳ್ಳಗಾಗೋದು ಹಸು."

ಬೂದುಗುಂಬಳ ಕೊಟ್ಟಳು. ರುಚಿ ಏನೆಂದು ಹೇಳಲಿ?
ಬಣ್ಣ ಹಾಕದ ಲೈನಿಂಗ್ ಬಟ್ಟೆಯ ಹಾಗೆ:
ಏನೂ ಇಲ್ಲ, ತಂಪು ಮಾತ್ರ.
ಹಾಗಲದ ದಿನ ಕಹಿ ನನ್ನೊಡನೆ ಮನೆಗೇ ಬಂತು,
ಮಧ್ಯಾಹ್ನದವರೆಗೂ ಮಿಷಿನ್ನಿನ ಪಕ್ಕ ಕೂತಿತ್ತು
ಬಾಕಿ ಕೇಳಲು ಬಂದವರ ಹಾಗೆ.

ಆಷಾಢ. ಮದುವೆಗಳಿಲ್ಲ, ಮಿಷಿನ್ನಿಗೂ ರಜ.
"ಮಲ್ ಬಟ್ಟೆ ಇದ್ರೆ ಒಂದು ತುಂಡು ತಾ," ಅಂದಳು,
"ಸೋಸೋದು ಹರಿದುಹೋಗಿದೆ."
ಒಂದು ಗಜ ತಂದೆ, ಅಂಚು ಹೊಲಿದು,
ಒಳಗೆ ಎರಡು ಇಂಚು ಮಡಚಿ ಬಿಟ್ಟು. ಅಭ್ಯಾಸ.
ಕ್ಯಾನಿನ ಬಾಯಿಗೆ ಕಟ್ಟಿ ಎಲ್ಲರಿಗೂ ಸೋಸಿ ಕೊಟ್ಟಳು.
ನನ್ನ ಸರದಿ ಬಂದಾಗ ಗಂಟು ಬಿಚ್ಚಿದಳು.
"ನಿಂಗೆ ಸೋಸಲ್ಲ. ಅಗಿದು ಕುಡಿ."

ಲೋಟದಲ್ಲಿ ಕ್ಯಾರೆಟ್ಟಿನ ತರಿ, ಪುದೀನದ ಚೂರು,
ತಪ್ಪಿಸಿಕೊಂಡ ಒಂದು ನಿಂಬೆ ಬೀಜ.
ಮುಗಿಸಲು ಹತ್ತು ನಿಮಿಷ ಹಿಡಿಯಿತು.
ಹತ್ತು ನಿಮಿಷ ಸುಮ್ಮನೆ ನಿಂತು ಎಷ್ಟು ವರ್ಷವಾಗಿತ್ತೋ.
ಕೆರೆಯಲ್ಲಿ ನೀರುಕಾಗೆಯೊಂದು ಮುಳುಗಿತು,
ನಾನು ಎಣಿಸಿದ ಕಡೆ ಏಳಲಿಲ್ಲ,
ಬಹಳ ಆಚೆ ಎದ್ದಿತು.

ಉಳಿದ ಹಿಪ್ಪೆಯನ್ನು ಅವಳು ಡಬ್ಬಿಗೆ ತುಂಬುತ್ತಾಳೆ,
ರಾಗಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಲು.
"ಶೂ ಹಾಕ್ಕೊಂಡೋರು ರಸಕ್ಕೆ ದುಡ್ಡು ಕೊಡ್ತಾರೆ.
ರೊಟ್ಟಿ ಮಾತ್ರ ನಮ್ಮನೇಲಿ."
ಒಂದು ದಿನ ಎಲೆಯಲ್ಲಿ ಸುತ್ತಿ ನನಗೂ ತಂದಳು.
ಬೀಟ್ರೂಟಿನ ಕೆಂಪು ಎಲೆಗೂ ಹತ್ತಿತ್ತು.

ಎಷ್ಟು ಇಳಿದೆ ಎಂದು ಕೇಳಬೇಡಿ.
ನೋಟ್‌ಬುಕ್ಕಿನಲ್ಲಿ ಈಗ ಒಂದು ಸಾಲು ಹೆಚ್ಚಿದೆ:
ಜಯಶೀಲಾ, ಎಂದು, ಮುಂದೊಂದು ಅಂಕಿ, ಪೆನ್ಸಿಲ್ಲಿನಲ್ಲೇ.
ರವಿಕೆಯ ಪಕ್ಕಕ್ಕೆ ಬೇರೆ ತುಂಡು ಜೋಡಿಸಿದೆ.
ಬಣ್ಣ ಸ್ವಲ್ಪ ಕೂಡಿಲ್ಲ,
ಕೈ ಎತ್ತಿದರೆ ಕಾಣುತ್ತದೆ.
ಬಸ್ಸಿನಲ್ಲಿ ಕೈ ಎತ್ತಿಯೇ
ಮೇಲಿನ ಕಂಬಿ ಹಿಡಿಯುತ್ತೇನೆ.