ಎರಡನೆಯ ನಂಬರು

ಭವಾನಿ ಪೇಠೆಯ ಬೆಲ್ಲದ ಅಡತಿಗಳ ನಡುವೆ
ಮೌನೇಶಪ್ಪ ಕಮ್ಮಾರರ ತಕ್ಕಡಿ ರಿಪೇರಿ ಅಂಗಡಿ.
ಒಳಗೆ ಇಬ್ಬರು ನಿಂತರೆ ಮೂರನೆಯವ ರಸ್ತೆಯಲ್ಲಿ.
ವೆಬ್‌ಸೈಟಿನಲ್ಲಿ ಮಾತ್ರ
ಹನ್ನೊಂದು ವರ್ಷದಿಂದ ಅದೊಂದು ಕಾರ್ಖಾನೆ:
ನೀಲಿ ಆಕಾಶ, ಯಾವುದೋ ದೇಶದ ಚಿಮಣಿ,
ಟೈ ಕಟ್ಟಿ ಕೈ ಕುಲುಕುವ ಇಬ್ಬರು ಬಿಳಿಯರು,
ಮೇಲೆ ಬಲದಿಂದ ಎಡಕ್ಕೆ ಓಡುವ ಅಕ್ಷರ:
'ಶೀಘ್ರದಲ್ಲೇ ಹೊಸ ಶಾಖೆ.'

ಸರಿಮಾಡಲು ಕರೆದದ್ದು ನನ್ನನ್ನು.
ತಿಂಗಳಿಗೆ ಆರುನೂರು, ಜೊತೆಗೆ ಚಹಾ.

ಮೊದಲ ದಿನವೇ ಪಾಸ್‌ವರ್ಡು ಇಲ್ಲ.
"ದತ್ತೋಬಾನ ತಲ್ಯಾಗ ಇತ್ತು" ಅಂದರು.
ದತ್ತೋಬಾ ಲಾಂಡಗೆ, ಅರ್ಧ ಪಾಲಿನ ಗೆಳೆಯ,
ತಲೆಯನ್ನೂ ಜೊತೆಗೇ ಒಯ್ದು ಮೂರು ದೀಪಾವಳಿ.
ಅವನ ಸ್ಕೂಟರಿನ ನಂಬರು, ಮಗಳು ಹುಟ್ಟಿದ ದಿನ,
ಹೊಡೆದು ಹೊಡೆದು ಸೋತೆ.
ಕೊನೆಗೆ ಸಿಕ್ಕಿತು ಕ್ಯಾಲೆಂಡರಿನ ಬೆನ್ನಲ್ಲಿ,
ಪೆನ್ಸಿಲಿನ ಪುಟ್ಟ ಅಕ್ಷರದಲ್ಲಿ:
ಶೂನ್ಯಬರೋಬರ್.
ತಟ್ಟೆ ಖಾಲಿ ಇದ್ದಾಗ ಮುಳ್ಳು ಸೊನ್ನೆಗೆ ಬಂದರೆ
ಅವನು ಕೂಗುತ್ತಿದ್ದದ್ದೇ ಹಾಗಂತೆ.

ಆಮೇಲೆ ತಕ್ಕಡಿಯಲ್ಲಿ ಕಪ್ಪೆ ತೂಗುವ ಕೆಲಸ.
ಚಿತ್ರ ಚಿಕ್ಕದು ಮಾಡಿದರೆ ಬೆಲೆಪಟ್ಟಿ ಜಾರಿತು,
ಬೆಲೆಪಟ್ಟಿ ಹಿಡಿದರೆ ನಕಾಶೆ ಜಿಗಿದು
ಅಂಗಡಿಯನ್ನು ಮುಠಾ ನದಿಯೊಳಗೆ ಕೂರಿಸಿತು.
ಮೊಬೈಲಿನಲ್ಲಿ 'ಸೇವೆಗಳು' ಎಂಬ ಗುಂಡಿ
ಹೆಬ್ಬೆರಳಿಗೆ ಸಿಗದ ಸಾಸಿವೆ.
ಚಿಮಣಿ ಕೆಡವಿದೆ. ಬಿಳಿಯರನ್ನು ಊರಿಗೆ ಕಳಿಸಿದೆ.
ಫೋಟೋಕ್ಕೆ ನಿಲ್ಲಿ ಅಂದರೆ
"ಮಾರಿ ಬ್ಯಾಡ ತಂಗಿ, ಕೈ ಸಾಕು."
ಎಣ್ಣೆಗಪ್ಪಿನ ಉಗುರು, ಉಗುರಿನ ತುದಿಯಲ್ಲಿ
ಸಾಣೆ ಹಿಡಿದ ಉಕ್ಕಿನ ಅಲಗು,
ಅದರ ಮೇಲೆ ಕೂತು ತೂಗುವ ಇಡೀ ದಂಡಿಗೆ.

ಹಳೆಯ ನಂಬರು ಅಳಿಸಿ ಮೌನೇಶಪ್ಪನವರದು ಹಾಕಿದೆ.
ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಒಂಬತ್ತನೆಯ ದಿನ, ಉರಿಬಿಸಿಲು,
ಮೊಣಕಾಲು ಹಿಡಿದುಕೊಂಡು ಹೆಂಗಸೊಬ್ಬಳು ರಿಕ್ಷಾ ಇಳಿದಳು.
ಶಟರು ಮೇಲೆದ್ದಿರುವುದನ್ನು ನೋಡಿಯೂ ಕೇಳಿದಳು:
"ದುಕಾನ್ ಬಂದ್ ಝಾಲಂ ಕಾ?"
ದತ್ತೋಬಾನ ಹೆಂಡತಿ, ಸುಲೋಚನಾಬಾಯಿ.
ಚೀಲದಿಂದ ಹೊರಬಂದವು
ಮಗ್ಗಿ ಅಚ್ಚಾದ ರಟ್ಟಿನ ಮೂರು ಶಾಲೆ ಪುಸ್ತಕ.

ಕಸಬಾ ಪೇಠೆಯಲ್ಲಿ, ದೇವರ ಗೂಡಿನ ಪಕ್ಕದಲ್ಲಿ,
ಗಂಡನ ಫೋನು ಇಷ್ಟು ದಿನ ಬಡಿದುಕೊಳ್ಳುತ್ತಲೇ ಇತ್ತು.
ಮಂಚರದ ಈರುಳ್ಳಿ ವ್ಯಾಪಾರಿ, ಹಡಪ್ಸರದ ಗುಜರಿಯವ,
ಮಿಲಿಗ್ರಾಮಿಗೂ ಜಗಳವಾಡುವ ಅಕ್ಕಸಾಲಿ,
ಎಲ್ಲರಿಗೂ "ಥಾಂಬಾ" ಅಂದು, ಕನ್ನಡಕ ಹುಡುಕಿ,
ಹೆಸರು, ಊರು, ಎಷ್ಟು ಕಿಲೋ ಕಾಟಾ, ಏನು ರೋಗ
ಬರೆದುಕೊಂಡು ಹೇಳುತ್ತಿದ್ದಳಂತೆ:
"ಏಳರವರೆಗೆ ತೆರೆದಿರುತ್ತದೆ, ಹೋಗಿ.
ವೆಬ್‌ಸೈಟ್ ನೋಡಿ ಬಂದೆ ಅನ್ನಿ."

ಮೌನೇಶಪ್ಪ ಅಲಗು ಕೆಳಗಿಟ್ಟರು.
ಮೂರು ವರ್ಷ, ಬಂದ ಪ್ರತಿ ಗಿರಾಕಿಗೂ
ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದ್ದರು.
ಈಗ ಜೇಬಿನಿಂದ ಫೋನು ತೆಗೆದು ನನಗೆ ತೋರಿಸಿದರು:
ಎತ್ತದ ಕರೆ, ಹದಿನೇಳು.
ಎಣ್ಣೆ ಕೈಯಲ್ಲಿ ಹೆಂಗ ಎತ್ತಲಿ?

ಆಕೆಯ ನಂಬರು ಎರಡನೆಯದಾಗಿ ಹಾಕುತ್ತೇನೆ ಅಂದೆ.
"ನಂದು ಎರಡನೇದು ಮಾಡು" ಅಂದರು,
ಮತ್ತೆ ಕೆಲಸಕ್ಕೆ ಬಗ್ಗಿದರು, ಅಷ್ಟೇ.

ಸಂಜೆ ಹಾಗೇ ಮಾಡಿದೆ.
ಓಡುವ ಅಕ್ಷರ ಕಿತ್ತುಹಾಕಲು ಹೋಗಿ,
ಕಸಬಾ ಪೇಠೆಯ ಆ ಗೂಡು ನೆನಪಾಗಿ,
'ಶೀಘ್ರದಲ್ಲೇ' ಒಂದನ್ನೇ ಕಿತ್ತೆ.

ಇನ್ನೂ ಬಾಕಿ ಬಹಳ ಇದೆ.
ಜುಲೈಗೆ ಹೆಸರಿನ ಬಾಡಿಗೆ ತುಂಬಬೇಕು,
ತಕ್ಕಡಿಗೆ ಸರಕಾರದ ಮುದ್ರೆ ಇದ್ದಂತೆ,
ತಪ್ಪಿದರೆ ಅಂಗಡಿಯೇ ಸುಳ್ಳು.
ನಕಾಶೆಯಲ್ಲಿ ಅಂಗಡಿ ನದಿಯಿಂದೆದ್ದು ದಡಕ್ಕೆ ಬಂದಿದೆ,
ಪೇಠೆ ಮುಟ್ಟಿಲ್ಲ.
ನನ್ನ ಆರುನೂರೂ ಬಂದಿಲ್ಲ.
ಕೇಳೋಣವೆಂದು ವೆಬ್‌ಸೈಟಿನ ಮೊದಲ ನಂಬರು ಒತ್ತುತ್ತೇನೆ.
"ಥಾಂಬಾ" ಅನ್ನುತ್ತದೆ ದನಿ.
ಆಮೇಲೆ ಬಹಳ ಹೊತ್ತು
ಕನ್ನಡಕ ಹುಡುಕುವ ಸದ್ದು.